ವಿಚಾರಣೆಯ ವೇಳೆ ದನಿ ಕೇಳದಿದ್ದರೆ: ಗಣಕಯಂತ್ರಕ್ಕೆ ಹೆಡ್‌ಫೋನ್ ಜೋಡಣೆ ಮತ್ತು ದೋಷ ಪರಿಹಾರ

ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಗಣಕಯಂತ್ರವು ಬಹುಕಾಲ ಲೆಕ್ಕಪತ್ರದ ಯಂತ್ರವಾಗಿಯೇ ಇತ್ತು. ಬಿಲ್ಲು ಮುದ್ರಿಸುವುದು, ದಾಸ್ತಾನು ಬರೆದಿಡುವುದು, ತೆರಿಗೆಯ ವಿವರಪಟ್ಟಿ ಸಲ್ಲಿಸುವುದು ಮುಂತಾದ ಕೆಲಸಗಳಲ್ಲಿ ಯಾವುದಕ್ಕೂ ಅದು ಮಾತನಾಡುವ ಅಗತ್ಯವಿರಲಿಲ್ಲ. ಹೀಗಾಗಿ ಸಾಮಿಲ್, ಹತ್ತಿ ಗಿರಣಿ, ಅಡತಿ ಅಂಗಡಿಗಳ ಕಚೇರಿಯಲ್ಲಿರುವ ಯಂತ್ರಗಳ ಹಿಂಬದಿಯ ಹಸಿರು ಮತ್ತು ಗುಲಾಬಿ ಬಣ್ಣದ ರಂಧ್ರಗಳು ವರ್ಷಗಟ್ಟಲೆ ಧೂಳು ತುಂಬಿಕೊಂಡು ಕುಳಿತಿದ್ದರೆ ಅಚ್ಚರಿಯೇನಿಲ್ಲ.

2020ರ ನಂತರ ಈ ಸ್ಥಿತಿ ಬದಲಾಯಿತು. ಕೇಂದ್ರ ಪರೋಕ್ಷ ತೆರಿಗೆ ಮತ್ತು ಸೀಮಾಸುಂಕ ಮಂಡಳಿಯು ಆ ವರ್ಷದ ಆಗಸ್ಟ್ 21ರಂದು ಹೊರಡಿಸಿದ ಸೂಚನೆಯಲ್ಲಿ, ತನ್ನ ಅಧೀನದ ಅಧಿಕಾರಿಗಳು ನಡೆಸುವ ವೈಯಕ್ತಿಕ ವಿಚಾರಣೆಗಳು ವಿಡಿಯೊ ಮೂಲಕ ನಡೆಯಬೇಕೆಂದು ವಿಧಿಸಿತು. 2024ರ ನವೆಂಬರ್ 5ರ ಸೂಚನೆಯು ವಿಡಿಯೊ ವಿಚಾರಣೆಯೇ ಸಾಮಾನ್ಯ ಕ್ರಮವೆಂದು ಮತ್ತೆ ಹೇಳಿದೆ. ಖುದ್ದಾಗಿ ಹಾಜರಾಗಲು ಬಯಸುವವರು ಕಾರಣ ತಿಳಿಸಿ ಕೋರಬೇಕಾಗುತ್ತದೆ. ರಾಜ್ಯ ತೆರಿಗೆ ಕಚೇರಿಗಳ ಪದ್ಧತಿ ಇದಕ್ಕಿಂತ ಭಿನ್ನವಾಗಿರಬಹುದಾದ್ದರಿಂದ ಕೈಗೆ ಬಂದ ನೋಟಿಸಿನಲ್ಲಿ ಬರೆದಿರುವುದನ್ನೇ ಅನುಸರಿಸತಕ್ಕದ್ದು. ಘಟ್ಟ ಇಳಿದು ಅಥವಾ ಬಯಲುಸೀಮೆಗೆ ಬಸ್ಸು ಹತ್ತಿ ಒಂದು ದಿನದ ವ್ಯಾಪಾರ ಕಳೆದುಕೊಳ್ಳುತ್ತಿದ್ದ ವರ್ತಕನಿಗೆ ಇದು ನಿಜವಾಗಿಯೂ ಅನುಕೂಲವೇ. ಆದರೆ ಈ ಅನುಕೂಲವು ಒಂದು ಮೂರೂವರೆ ಮಿಲಿಮೀಟರ್ ಪಿನ್ನಿನ ಮೇಲೆ ನಿಂತಿದೆ.

ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 75ನೆಯ ಕಲಮಿನ ಪ್ರಕಾರ, ತೆರಿಗೆದಾರನಿಗೆ ಪ್ರತಿಕೂಲವಾದ ಆದೇಶ ಮಾಡುವ ಮೊದಲು ಅವನ ಮಾತನ್ನು ಕೇಳಲು ಅವಕಾಶ ಕೊಡಲೇಬೇಕು. ಸಕಾರಣವಿದ್ದರೆ ವಿಚಾರಣೆಯನ್ನು ಮುಂದೂಡಬಹುದು. ಆದರೆ ಮೂರು ಬಾರಿಗಿಂತ ಹೆಚ್ಚು ಮುಂದೂಡುವಂತಿಲ್ಲ. ನಿಗದಿತ ವೇಳೆಗೆ ಪರದೆಯ ಮೇಲೆ ಅಧಿಕಾರಿಯ ಮುಖ ಕಾಣುತ್ತದೆ, ತುಟಿ ಅಲುಗುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ತಂತಿ ಎಳೆದು, ಚುಚ್ಚಿ, ಯಂತ್ರ ಆರಿಸಿ ಹಚ್ಚುವಷ್ಟರಲ್ಲಿ ಗೊತ್ತುಪಡಿಸಿದ ಸಮಯ ಮುಗಿದಿರುತ್ತದೆ. ರಂಧ್ರದಲ್ಲಿ ಸಿಕ್ಕಿಕೊಂಡ ಒಂದು ಹತ್ತಿಯ ಎಳೆಗಾಗಿ ಆ ಮೂರರಲ್ಲಿ ಒಂದು ಅವಕಾಶವನ್ನು ಕಳೆದುಕೊಳ್ಳುವುದು ದುಬಾರಿ ವ್ಯವಹಾರ.

ತೆರಿಗೆಯ ಮಾತು ಬಿಟ್ಟರೂ, ಜೋಯಿಡಾ ಮತ್ತು ಗಣೇಶಗುಡಿಯ ಹೋಮ್‌ಸ್ಟೇ ನಡೆಸುವವರು ಗೋವಾ, ಪುಣೆ, ಬೆಂಗಳೂರಿನ ಪ್ರವಾಸಿ ಸಂಸ್ಥೆಗಳೊಂದಿಗೆ ವಿಡಿಯೊದಲ್ಲಿ ದರ ಕುದುರಿಸುವುದುಂಟು. ಮುಂಡಗೋಡದ ಟಿಬೆಟನ್ ವಸಾಹತಿನ ರತ್ನಗಂಬಳಿಯ ಕೆಲಸವನ್ನು ದೂರದ ಗ್ರಾಹಕನಿಗೆ ಪರದೆಯ ಮೇಲೆ ತೋರಿಸಬಹುದು. ಇಂಥ ಮಾತುಕತೆಗೆ ಸ್ಪೀಕರ್ ಸಾಲದೇ ಎಂಬ ಪ್ರಶ್ನೆ ಸಹಜ. ಸ್ಪೀಕರಿನ ದನಿ ಮತ್ತೆ ಮೈಕ್ ಸೇರಿ ಎದುರಿನವರಿಗೆ ಅವರದೇ ಮಾತು ಪ್ರತಿಧ್ವನಿಸುತ್ತದೆ. ಗರಗಸದ ಸದ್ದಿನ ನಡುವೆ ಯಾವುದೂ ತಿಳಿಯುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಬಾಕಿ ತೆರಿಗೆಯ ಅಂಕಿ ಗಲ್ಲೆಯ ಮುಂದೆ ನಿಂತ ಗಿರಾಕಿಗೂ ಕೇಳಿಸುತ್ತದೆ.

ಮೊದಲು ಅದಲು ಬದಲು

ದನಿಯು ಕಿವಿಗೆ ತಲುಪುವ ಮೊದಲು ಮೂರು ಹಾದಿಗಳನ್ನು ದಾಟುತ್ತದೆ. ಮೊದಲನೆಯದು ತಂತಿ, ಪಿನ್ನು ಮತ್ತು ರಂಧ್ರ. ಎರಡನೆಯದು ಯಂತ್ರದೊಳಗಿನ ಆಯ್ಕೆ, ಅಂದರೆ ದನಿಯನ್ನು ಯಾವ ಕಡೆಗೆ ಕಳುಹಿಸಬೇಕೆಂದು ವಿಂಡೋಸ್ ಮಾಡಿರುವ ತೀರ್ಮಾನ. ಮೂರನೆಯದು ಮಾತುಕತೆ ನಡೆಯುವ ತಂತ್ರಾಂಶ ಮತ್ತು ಅಂತರ್ಜಾಲದ ಸಂಪರ್ಕ. ದೋಷ ಯಾವ ಹಾದಿಯಲ್ಲಿದೆ ಎಂದು ತಿಳಿಯದೆ ಎಲ್ಲವನ್ನೂ ಒಮ್ಮೆಲೇ ಕೆದಕುವುದೇ ಸಮಯ ಹಾಳಾಗಲು ಮುಖ್ಯ ಕಾರಣ.

ಮೋಟಾರು ತಿರುಗದಿದ್ದಾಗ ಅನುಭವಿ ಮೇಸ್ತ್ರಿಯು ಮೊದಲು ಮೋಟಾರನ್ನು ಬಿಚ್ಚುವುದಿಲ್ಲ. ಬೇರೆ ಲೈನಿಗೆ ಕೊಟ್ಟು ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ. ಮೂಕವಾದ ಹೆಡ್‌ಫೋನನ್ನು ಇನ್ನೊಂದು ಗಣಕಯಂತ್ರಕ್ಕೋ, ರಂಧ್ರವಿರುವ ಮೊಬೈಲಿಗೋ ಚುಚ್ಚಿ ನೋಡಬೇಕು. ಅಲ್ಲಿ ಕೇಳಿದರೆ ಹೆಡ್‌ಫೋನ್ ನಿರ್ದೋಷಿ. ಬಳಿಕ ಸರಿಯಾಗಿರುವ ಇನ್ನೊಂದು ಹೆಡ್‌ಫೋನನ್ನು ಮೊದಲ ಯಂತ್ರಕ್ಕೆ ಚುಚ್ಚಬೇಕು. ಎರಡು ನಿಮಿಷದ ಈ ಪರೀಕ್ಷೆಯು ಹುಬ್ಬಳ್ಳಿಗೆ ಹೋಗಿ ಹೊಸ ಹೆಡ್‌ಫೋನ್ ತರುವ ಒಂದು ದಿನದ ಓಡಾಟವನ್ನು ಎಷ್ಟೋ ಬಾರಿ ಉಳಿಸುತ್ತದೆ.

ಪಿನ್ನಿನ ಮೇಲಿನ ಕಪ್ಪು ಪಟ್ಟಿಗಳು

ಹೆಡ್‌ಫೋನ್ ಪಿನ್ನಿನ ಇತಿಹಾಸ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ದೂರವಾಣಿ ವಿನಿಮಯ ಕೇಂದ್ರದ ಸಿಬ್ಬಂದಿ ಒಂದು ಸಾಲನ್ನು ಇನ್ನೊಂದಕ್ಕೆ ಜೋಡಿಸಲು ಬಳಸುತ್ತಿದ್ದ ಕಾಲಿಂಚಿನ ದಪ್ಪ ಪಿನ್ನೇ ಇದರ ಮೂಲ. ಟ್ರಾನ್ಸಿಸ್ಟರ್ ರೇಡಿಯೊಗಳಿಗಾಗಿ ಅದು ಮೂರೂವರೆ ಮಿಲಿಮೀಟರಿಗೆ ಕುಗ್ಗಿತು. 1979ರಲ್ಲಿ ಸೋನಿ ಕಂಪನಿಯ ವಾಕ್‌ಮನ್ ಅದನ್ನು ಜಗತ್ತಿನ ಮನೆಮನೆಗೆ ಒಯ್ದಿತು. ಗಾತ್ರ ಎಲ್ಲೆಡೆ ಒಂದೇ ಆದರೂ ಪಿನ್ನಿನ ಒಳಗುಟ್ಟು ಒಂದೇ ಅಲ್ಲ. ತೊಂದರೆ ಹುಟ್ಟುವುದು ಇಲ್ಲಿಯೇ.

ಪಿನ್ನಿನ ಲೋಹದ ಮೇಲೆ ಕಪ್ಪು ಅಥವಾ ಬಿಳಿ ಬಣ್ಣದ ತೆಳುವಾದ ಪಟ್ಟಿಗಳಿರುತ್ತವೆ. ಅವು ವಿದ್ಯುತ್ ಹರಿಯದ ತಡೆಗಳು. ಎರಡು ಪಟ್ಟಿಗಳಿದ್ದರೆ ಲೋಹದಲ್ಲಿ ಮೂರು ಭಾಗಗಳು: ತುದಿಯದು ಎಡಕಿವಿಗೆ, ನಡುವಿನದು ಬಲಕಿವಿಗೆ, ಬುಡದ್ದು ಎರಡಕ್ಕೂ ಸಮಾನವಾದ ಮರಳು ತಂತಿ, ಅಂದರೆ ಅರ್ತಿಂಗ್. ಮೂರು ಪಟ್ಟಿಗಳಿದ್ದರೆ ನಾಲ್ಕು ಭಾಗಗಳು. ಹೆಚ್ಚಿನ ನಾಲ್ಕನೆಯದು ಮೈಕಿಗೆ. ಮೊಬೈಲಿನೊಂದಿಗೆ ಬರುತ್ತಿದ್ದ ಹೆಡ್‌ಸೆಟ್ಟುಗಳ ಪಿನ್ನು ಈ ಎರಡನೆಯ ಜಾತಿಯದು.

ಮೇಜಿನ ಮೇಲಿನ ದೊಡ್ಡ ಗಣಕಯಂತ್ರಗಳಲ್ಲಿ ಕೇಳುವುದಕ್ಕೊಂದು, ಮಾತನಾಡುವುದಕ್ಕೊಂದು ಎಂದು ಎರಡು ಬೇರೆ ರಂಧ್ರಗಳಿರುವುದು ವಾಡಿಕೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕಂಪನಿಗಳು ರೂಪಿಸಿದ ‘ಪಿಸಿ 99’ ಎಂಬ ಮಾದರಿಯಂತೆ ಎಲೆಹಸಿರು ಬಣ್ಣದ್ದು ಹೆಡ್‌ಫೋನಿಗೆ, ಗುಲಾಬಿ ಬಣ್ಣದ್ದು ಮೈಕಿಗೆ, ತಿಳಿನೀಲಿ ಬಣ್ಣದ್ದು ಹೊರಗಿನ ಬೇರೆ ಉಪಕರಣದ ದನಿಯನ್ನು ಒಳತರುವುದಕ್ಕೆ. ಕಿತ್ತಳೆ, ಕಪ್ಪು, ಬೂದು ಬಣ್ಣಗಳು ಸಿನಿಮಾ ನೋಡುವವರ ಹೆಚ್ಚುವರಿ ಸ್ಪೀಕರುಗಳಿಗೆ. ವ್ಯಾಪಾರಸ್ಥರು ಅವುಗಳ ಗೋಜಿಗೆ ಹೋಗಬೇಕಾಗಿಲ್ಲ. ಈ ಯಂತ್ರದ ಹಸಿರು ರಂಧ್ರಕ್ಕೆ ಮೊಬೈಲಿನ ನಾಲ್ಕು ಭಾಗದ ಪಿನ್ನನ್ನು ಚುಚ್ಚಿದರೆ ದನಿ ಕೇಳುತ್ತದೆ, ಆದರೆ ಮೈಕ್ ಕೆಲಸ ಮಾಡುವುದಿಲ್ಲ. ‘ನಮಗೆ ನೀವು ಕೇಳುತ್ತೀರಿ, ನಾವು ನಿಮಗೆ ಕೇಳುವುದಿಲ್ಲ’ ಎಂಬ ಸ್ಥಿತಿ ಬಹುಮಟ್ಟಿಗೆ ಇದರಿಂದಲೇ ಉಂಟಾಗುತ್ತದೆ, ಹೆಡ್‌ಸೆಟ್ ಕೆಟ್ಟಿರುವುದಿಲ್ಲ.

ಇದಕ್ಕೆ ಪರಿಹಾರ ‘ವೈ’ ಆಕಾರದ ಕವಲು ತಂತಿ. ಇದನ್ನು ಕೊಳ್ಳುವಾಗ ಎಚ್ಚರ ಬೇಕು, ಏಕೆಂದರೆ ಅಂಗಡಿಯಲ್ಲಿ ಒಂದೇ ಬಗೆಯಾಗಿ ಕಾಣುವ ಮೂರು ಜಾತಿಯ ಕವಲು ತಂತಿಗಳಿವೆ. ಮೊಬೈಲ್ ಹೆಡ್‌ಸೆಟ್ಟನ್ನು ಎರಡು ರಂಧ್ರದ ಯಂತ್ರಕ್ಕೆ ಜೋಡಿಸಲು ಒಂದು ಹೆಣ್ಣು ತುದಿ, ಎರಡು ಗಂಡು ತುದಿಗಳಿರುವ ತಂತಿ ಬೇಕು. ಹಳೆಯ ಎರಡು ಪಿನ್ನಿನ ಹೆಡ್‌ಸೆಟ್ಟನ್ನು ಒಂದೇ ರಂಧ್ರವಿರುವ ಈಗಿನ ಲ್ಯಾಪ್‌ಟಾಪಿಗೆ ಜೋಡಿಸಲು ಅದರ ತದ್ವಿರುದ್ಧ: ಒಂದು ಗಂಡು, ಎರಡು ಹೆಣ್ಣು, ಆ ಗಂಡು ಪಿನ್ನಿನ ಮೇಲೆ ಮೂರು ಕಪ್ಪು ಪಟ್ಟಿಗಳು ಇರಲೇಬೇಕು. ಅದರ ಮೇಲೆ ಎರಡೇ ಪಟ್ಟಿಗಳಿದ್ದರೆ ಅದು ಮೂರನೆಯ ಜಾತಿಯದು. ಒಂದೇ ದನಿಯನ್ನು ಇಬ್ಬರು ಕೇಳುವುದಕ್ಕಾಗಿ ಮಾಡಿದ್ದು, ಅದರಲ್ಲಿ ಮೈಕಿಗೆ ಹಾದಿಯೇ ಇಲ್ಲ. ಅದೂ ನಿರುಪಯುಕ್ತವೇನಲ್ಲ. ವಿಚಾರಣೆಯಲ್ಲಿ ವ್ಯಾಪಾರಿ ಮತ್ತು ಅವರ ತೆರಿಗೆ ಸಲಹೆಗಾರರು ಒಂದೇ ಕೋಣೆಯಲ್ಲಿ ಕುಳಿತು ಎರಡು ಯಂತ್ರಗಳಿಂದ ಸೇರಿಕೊಂಡರೆ ಕಿವಿಗಡಚಿಕ್ಕುವ ಕೂಗು ಏಳುತ್ತದೆ. ಒಂದೇ ಯಂತ್ರ, ಈ ತಂತಿ, ಎರಡು ಹೆಡ್‌ಫೋನ್, ಒಂದು ಮೈಕ್ ಎಂಬ ಏರ್ಪಾಡು ಅದಕ್ಕೆ ತಕ್ಕ ಉತ್ತರ.

ನಾಲ್ಕು ಭಾಗದ ಪಿನ್ನಿನಲ್ಲಿಯೂ ಎರಡು ಪಂಗಡಗಳಿವೆ. ಈಗ ಪ್ರಚಲಿತದಲ್ಲಿರುವ ‘ಸಿಟಿಐಎ’ ಪದ್ಧತಿಯಲ್ಲಿ ಬುಡದ ಭಾಗ ಮೈಕಿಗೆ, ಅದರ ಮೇಲಿನದು ಅರ್ತಿಂಗಿಗೆ. ಹಳೆಯ ಕೆಲವು ಮೊಬೈಲುಗಳ ‘ಒಎಂಟಿಪಿ’ ಪದ್ಧತಿಯಲ್ಲಿ ಇವೆರಡೂ ಅದಲು ಬದಲಾಗಿರುತ್ತವೆ. ಪೆಟ್ಟಿಗೆಯ ಮೂಲೆಯಲ್ಲಿದ್ದ ಹಳೆಯ ಹೆಡ್‌ಸೆಟ್ ಚುಚ್ಚಿದಾಗ ದನಿಯು ಬಾವಿಯೊಳಗಿನಿಂದ ಬಂದಂತೆ ಟೊಳ್ಳಾಗಿದ್ದು, ಕರೆ ಸ್ವೀಕರಿಸುವ ಗುಂಡಿಯನ್ನು ಒತ್ತಿ ಹಿಡಿದಾಗ ಮಾತ್ರ ಸರಿಯಾಗಿ ಕೇಳಿಸಿದರೆ ಪಂಗಡ ಬೇರೆ ಎಂದೇ ತಿಳಿಯಬೇಕು.

ಟೈಪ್-ಸಿ ತುದಿಯ ಮೊಬೈಲ್ ಇಯರ್‌ಫೋನುಗಳನ್ನು ಕುರಿತು ಒಂದು ಮಾತು. ಅವುಗಳಲ್ಲಿ ಕೆಲವದರೊಳಗೆ ಅಂಕೀಯ ಸಂಕೇತವನ್ನು ದನಿಯಾಗಿಸುವ ಚಿಪ್ ಇರುತ್ತದೆ, ಕೆಲವದರೊಳಗೆ ಇರುವುದಿಲ್ಲ. ಚಿಪ್ ಇಲ್ಲದವು ಆಯ್ದ ಮೊಬೈಲುಗಳಲ್ಲಿ ಹಾಡಿದರೂ ಬಹುತೇಕ ಗಣಕಯಂತ್ರಗಳಲ್ಲಿ ಮೂಕವಾಗಿಯೇ ಇರುತ್ತವೆ.

ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ

ಹತ್ತಿಯ ಎಳೆ, ಮರದ ಹುಡಿ, ಕಾಗದದ ನುಣುಪು ಧೂಳು, ಮೆಕ್ಕೆಜೋಳದ ಹೊಟ್ಟು ಈ ನಾಲ್ಕು ತಾಲ್ಲೂಕುಗಳ ಕಚೇರಿಗಳಿಗೆ ಹೊಸತಲ್ಲ. ಇವು ರಂಧ್ರದ ತಳದಲ್ಲಿ ಅಡಕವಾಗಿ ಕುಳಿತಾಗ ಪಿನ್ನು ಪೂರ್ತಿ ಒಳಹೋಗುವುದಿಲ್ಲ. ಒಂದೆರಡು ಮಿಲಿಮೀಟರ್ ಹೊರಗೇ ನಿಲ್ಲುತ್ತದೆ. ಪೂರ್ತಿ ಹೋದಾಗ ಕೈಗೆ ತಿಳಿಯುವ ‘ಟಕ್’ ಎಂಬ ಹಿಡಿತ ಆಗ ಬರುವುದಿಲ್ಲ.

ಇದರಿಂದ ಆಗುವ ಒಂದು ವಿಚಿತ್ರ ದೋಷವನ್ನು ವಿವರವಾಗಿ ತಿಳಿಯುವುದು ಉಚಿತ. ಬುಡದ ಅರ್ತಿಂಗ್ ಭಾಗ ಸರಿಯಾಗಿ ತಾಗದಿದ್ದಾಗ ಎಡ ಮತ್ತು ಬಲಕಿವಿಯ ಸುರುಳಿಗಳು ಒಂದರ ಬಾಲಕ್ಕೆ ಇನ್ನೊಂದು ಕಟ್ಟಿದಂತಾಗುತ್ತವೆ. ಆಗ ಎರಡೂ ಕಡೆ ಸಮವಾಗಿ ಬರುವ ದನಿ ಪರಸ್ಪರ ರದ್ದಾಗಿ, ಎರಡರ ನಡುವಿನ ವ್ಯತ್ಯಾಸ ಮಾತ್ರ ಕೇಳಿಸುತ್ತದೆ. ಹಾಡಿನಲ್ಲಿ ವಾದ್ಯಗಳು ಎಡಬಲಕ್ಕೆ ಹಂಚಿಕೊಂಡಿರುವುದರಿಂದ ಅವು ಉಳಿದು, ನಡುವಿನಲ್ಲಿರುವ ಗಾಯಕನ ಕಂಠ ಮಾಯವಾಗುತ್ತದೆ. ವಿಡಿಯೊ ಮಾತುಕತೆಯಲ್ಲಿಯಾದರೋ ಎದುರಿನವರ ಮಾತು ಸಾಮಾನ್ಯವಾಗಿ ಎರಡೂ ಕಿವಿಗೆ ಸಮವಾಗಿಯೇ ಬರುವುದರಿಂದ ಏನೂ ಕೇಳಿಸುವುದಿಲ್ಲ. ಬೆಳಿಗ್ಗೆ ಹಾಡು ಹಾಕಿ ‘ಹೆಡ್‌ಫೋನ್ ಸರಿಯಿದೆ’ ಎಂದು ನಿಶ್ಚಿಂತೆಯಿಂದಿದ್ದವರು ವಿಚಾರಣೆಯ ವೇಳೆಗೆ ಕಂಗಾಲಾಗುವುದು ಹೀಗೆ. ಆದ್ದರಿಂದ ಪರೀಕ್ಷೆಗೆ ಹಾಡಿಗಿಂತ ವಾರ್ತೆ ಮೇಲು.

ಒಂದೇ ಕಿವಿಗೆ ಕೇಳುವುದಾದರೆ ಪಿನ್ನು ಅರೆ ಹೋಗಿದೆ, ಇಲ್ಲವೇ ತಂತಿಯು ಪಿನ್ನಿನ ಬುಡದಲ್ಲಿ ಒಳಗೇ ತುಂಡಾಗಿದೆ. ಬುಡವನ್ನು ಮೆಲ್ಲನೆ ಬಾಗಿಸಿದಾಗ ದನಿ ಬಂದು ಹೋಗುತ್ತಿದ್ದರೆ ಎರಡನೆಯದೇ ನಿಜ. ಹಳ್ಳಿಯ ರೇಡಿಯೊ ರಿಪೇರಿಯವರು ಹೊಸ ಪಿನ್ನು ಬೆಸೆದು ಕೊಡಬಲ್ಲರು. ಅಗ್ಗದ ಹೆಡ್‌ಫೋನಿಗೆ ಆ ಖರ್ಚು ತಕ್ಕುದಲ್ಲ.

ರಂಧ್ರವನ್ನು ಸ್ವಚ್ಛಗೊಳಿಸುವಾಗ ಯಂತ್ರವನ್ನು ಆರಿಸಿ, ವಿದ್ಯುತ್ ತಂತಿ ಕಿತ್ತಿರಬೇಕು. ಗಾಳಿ ಊದುವ ಬಲ್ಬಿನಿಂದ ಊದಿ, ಒಣ ಮರದ ಹಲ್ಲುಕಡ್ಡಿಯಿಂದ ಎಳೆಯನ್ನು ಮೆಲ್ಲನೆ ಹೊರತೆಗೆಯಬಹುದು. ಗುಂಡುಸೂಜಿ, ತಂತಿ ಅಥವಾ ಯಾವುದೇ ಲೋಹ ಕೂಡದು. ಮಳೆಗಾಲ ಇನ್ನೊಂದು ಶತ್ರು. ಕಾಳಿಯ ಕಣಿವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆರದ ತೇವದಿಂದ ಲೋಹದ ಮೇಲೆ ಕಿಲುಬು ಹಿಡಿದು ಕರಕರ ಸದ್ದು ಆರಂಭವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಪಿನ್ನನ್ನು ಒರೆಸಿ, ಆರಿದ ಮೇಲೆ ಹತ್ತೆಂಟು ಬಾರಿ ಚುಚ್ಚಿ ತೆಗೆದರೆ ಒಳಗಿನ ಕಿಲುಬೂ ಬಹುಮಟ್ಟಿಗೆ ಸವೆಯುತ್ತದೆ. ಸೀಮೆಎಣ್ಣೆ, ಕೊಬ್ಬರಿ ಎಣ್ಣೆಗಳ ಪ್ರಯೋಗ ಬೇಡ. ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ. ಇದಕ್ಕೆ ಸಂಬಂಧಿಸಿದ ಇನ್ನೊಂದು ದೋಷವೂ ಉಂಟು: ಕೆಲವು ಯಂತ್ರಗಳ ರಂಧ್ರದೊಳಗೆ ಪಿನ್ನು ಬಂದಿತೆಂದು ತಿಳಿಸುವ ಸಣ್ಣ ಸ್ವಿಚ್ಚಿರುತ್ತದೆ. ಅದು ಕಿಲುಬಿನಿಂದ ಅಂಟಿಕೊಂಡರೆ ಪಿನ್ನು ತೆಗೆದ ಮೇಲೂ ಸ್ಪೀಕರ್ ಮೌನವಾಗಿಯೇ ಉಳಿಯುತ್ತದೆ.

ಸ್ಥಳೀಯವಾಗಿ ಜೋಡಿಸಿದ ಗಣಕಯಂತ್ರಗಳಲ್ಲಿ ಮುಂಬದಿಯ ರಂಧ್ರಕ್ಕೆ ಒಳಗಿನಿಂದ ತಂತಿಯನ್ನೇ ಕೊಟ್ಟಿರದ ನಿದರ್ಶನಗಳು ಅಪರೂಪವಲ್ಲ. ಮುಂದೆ ಕೇಳದಿದ್ದರೆ ಹಿಂದಿನ ಹಸಿರು ರಂಧ್ರದಲ್ಲಿ ಪರೀಕ್ಷಿಸಿದ ಮೇಲೆಯೇ ಮುಂದಿನ ಮಾತು. ಕೇಳುವಾಗ ಗುಂಯ್ ಎಂಬ ಸದ್ದು ಬರುತ್ತಿದ್ದು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೊಡನೆ ನಿಂತರೆ ದೋಷ ಹೆಡ್‌ಫೋನಿನದಲ್ಲ, ಗೋಡೆಯ ಸಾಕೆಟ್ಟಿನ ಅರ್ತಿಂಗಿನದು. ಅದನ್ನು ವಿದ್ಯುತ್ ಮೇಸ್ತ್ರಿಗೆ ತೋರಿಸುವುದು ಹೆಡ್‌ಫೋನಿಗಿಂತ ದೊಡ್ಡ ಕಾರಣಗಳಿಗಾಗಿ ಅವಶ್ಯ.

ಯಂತ್ರವು ಆರಿಸಿಕೊಂಡ ದಾರಿ

ಪಿನ್ನು, ರಂಧ್ರ ಎರಡೂ ಸರಿಯಿದ್ದರೆ ಎರಡನೆಯ ಹಾದಿಗೆ ಬರಬೇಕು. ಒಂದು ಗಣಕಯಂತ್ರದಲ್ಲಿ ದನಿ ಹೊರಡಬಹುದಾದ ಬಾಗಿಲುಗಳು ಅನೇಕ: ಒಳಗಿನ ಸ್ಪೀಕರ್, ಹೆಡ್‌ಫೋನಿನ ರಂಧ್ರ, ಯುಎಸ್‌ಬಿ ಹೆಡ್‌ಸೆಟ್, ಬ್ಲೂಟೂತ್ ಸಾಧನ, ಎಚ್‌ಡಿಎಂಐ ತಂತಿಯ ಮಾನಿಟರ್. ಯಂತ್ರವು ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಅಲ್ಲಿಗೆ ಮಾತ್ರ ದನಿ ಕಳುಹಿಸುತ್ತದೆ. ಹೊಸ ಮಾನಿಟರ್ ಜೋಡಿಸಿದ ಮರುದಿನವೇ ‘ಹೆಡ್‌ಫೋನ್ ಕೆಟ್ಟಿತು’ ಎಂಬ ದೂರು ಕೇಳಿಬಂದರೆ, ಸ್ಪೀಕರೇ ಇಲ್ಲದ ಆ ಮಾನಿಟರಿಗೆ ದನಿ ಹೋಗುತ್ತಿದೆಯೆಂದು ಶಂಕಿಸಬಹುದು.

ವಿಂಡೋಸ್ 10 ಮತ್ತು 11ರಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಸಿಸ್ಟಂ’, ಅದರೊಳಗೆ ‘ಸೌಂಡ್’ ತೆರೆದರೆ ‘ಔಟ್‌ಪುಟ್’ ಮತ್ತು ‘ಇನ್‌ಪುಟ್’ ಎಂಬ ಎರಡು ವಿಭಾಗಗಳು ಕಾಣುತ್ತವೆ. ಔಟ್‌ಪುಟ್ ಕೇಳುವುದಕ್ಕೆ, ಇನ್‌ಪುಟ್ ಮಾತನಾಡುವುದಕ್ಕೆ. ಎರಡರಲ್ಲೂ ಹೆಡ್‌ಸೆಟ್ಟಿನ ಹೆಸರನ್ನೇ ಆರಿಸಬೇಕು. ಒಂದನ್ನು ಸರಿಪಡಿಸಿ ಇನ್ನೊಂದನ್ನು ಮರೆಯುವುದು ಸಾಮಾನ್ಯ ತಪ್ಪು. ಮಾತನಾಡಿದಾಗ ಇನ್‌ಪುಟ್ ವಿಭಾಗದ ಪಟ್ಟಿ ಏರಿಳಿದರೆ ಮೈಕ್ ಜೀವಂತವಾಗಿದೆ ಎಂದರ್ಥ. ಹೆಸರೇ ಕಾಣದಿದ್ದರೆ ‘ಕಂಟ್ರೋಲ್ ಪ್ಯಾನೆಲ್’ನ ಹಳೆಯ ‘ಸೌಂಡ್’ ಕಿಟಕಿ ತೆರೆದು, ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ, ‘ಶೋ ಡಿಸೇಬಲ್ಡ್ ಡಿವೈಸಸ್’ ಎಂಬುದನ್ನು ಗುರುತು ಮಾಡಬೇಕು. ಯಾರೋ ಎಂದೋ ನಿಷ್ಕ್ರಿಯಗೊಳಿಸಿದ ಸಾಧನ ಅಲ್ಲಿ ಮಸುಕಾಗಿ ಕಾಣುತ್ತದೆ. ಅದರ ಮೇಲೆ ಮತ್ತೆ ಬಲಗುಂಡಿ ಒತ್ತಿ ‘ಎನೇಬಲ್’ ಮಾಡಬೇಕು.

ನಿನ್ನೆ ಸರಿಯಿದ್ದದ್ದು ಇಂದು ಪೂರ್ತಿ ನಿಂತಿದ್ದರೆ ರಾತ್ರಿ ವಿಂಡೋಸ್ ತಾನಾಗಿ ನವೀಕರಣಗೊಂಡು ಡ್ರೈವರ್ ಬದಲಾಗಿರುವ ಸಾಧ್ಯತೆ ಉಂಟು. ‘ಡಿವೈಸ್ ಮ್ಯಾನೇಜರ್’ನಲ್ಲಿ ದನಿಯ ಸಾಧನವನ್ನು ಹುಡುಕಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಬಹುದು. ಅದು ಲಭ್ಯವಿಲ್ಲದಿದ್ದರೆ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ಯಂತ್ರವನ್ನು ಮತ್ತೆ ಆರಂಭಿಸಿದರೆ ವಿಂಡೋಸ್ ತಾನೇ ಡ್ರೈವರನ್ನು ಕೂರಿಸುತ್ತದೆ. ಇಷ್ಟಾದರೂ ಸರಿಹೋಗದಿದ್ದರೆ ಯಂತ್ರ ತಯಾರಿಸಿದ ಕಂಪನಿಯ ತಾಣದಿಂದಲೇ ಡ್ರೈವರ್ ಪಡೆಯತಕ್ಕದ್ದು. ಉಚಿತ ಡ್ರೈವರ್ ಕೊಡುವುದಾಗಿ ಹೇಳುವ ಅಪರಿಚಿತ ತಾಣಗಳನ್ನು, ‘ಪರದೆ ಹಂಚಿಕೊಳ್ಳಿ, ದನಿ ಸರಿಮಾಡಿ ಕೊಡುತ್ತೇನೆ’ ಎನ್ನುವ ದೂರವಾಣಿ ಕರೆಗಳನ್ನು ಎಷ್ಟು ಅವಸರವಿದ್ದರೂ ನಂಬಬಾರದು. ಅದೇ ಯಂತ್ರದಲ್ಲಿ ಲೆಕ್ಕಪತ್ರ, ಬ್ಯಾಂಕ್ ಖಾತೆ, ಡಿಜಿಟಲ್ ಸಹಿ ಎಲ್ಲವೂ ಇವೆಯೆಂಬುದನ್ನು ಮರೆಯುವಂತಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಿಂದ ಹೆಡ್‌ಫೋನ್ ನಿಲ್ಲುವುದಿಲ್ಲವಾದರೂ ಯಂತ್ರದ ಭದ್ರತೆಯ ದೃಷ್ಟಿಯಿಂದ ಅದು ಬೇರೆಯೇ ಚಿಂತೆ.

ಅನುಮತಿ, ಮತ್ತು ಸಂಪರ್ಕದ ದೋಷ

ಯಂತ್ರ ಸರಿಯಿದ್ದು ಎದುರಿನವರಿಗೆ ಮಾತ್ರ ಕೇಳದಿದ್ದರೆ ಅನುಮತಿಯನ್ನು ನೋಡಬೇಕು. ಗೌಪ್ಯತೆಯ ಕಾರಣದಿಂದ ವಿಂಡೋಸ್ ಪ್ರತಿ ತಂತ್ರಾಂಶಕ್ಕೂ ಮೈಕ್ ಬಳಸಲು ಅನುಮತಿ ಕೇಳುತ್ತದೆ. ‘ಸೆಟ್ಟಿಂಗ್ಸ್’ನ ‘ಪ್ರೈವೆಸಿ’ ವಿಭಾಗದ ‘ಮೈಕ್ರೊಫೋನ್’ ಪುಟದಲ್ಲಿ ಅದು ತೆರೆದಿರಬೇಕು. ವಿಚಾರಣೆಯ ಕೊಂಡಿ ಬ್ರೌಸರಿನಲ್ಲಿ ತೆರೆದುಕೊಳ್ಳುವುದಾದರೆ ಬ್ರೌಸರ್ ಬೇರೆಯಾಗಿ ಕೇಳುತ್ತದೆ. ಗಡಿಬಿಡಿಯಲ್ಲಿ ‘ಬ್ಲಾಕ್’ ಒತ್ತಿದರೆ ಅದು ಮತ್ತೆ ಕೇಳುವುದಿಲ್ಲ. ವಿಳಾಸಪಟ್ಟಿಯ ಎಡತುದಿಯ ಚಿಹ್ನೆ ಒತ್ತಿ ‘ಅಲೋ’ ಎಂದು ಬದಲಿಸಿ ಪುಟವನ್ನು ಹೊಸದಾಗಿ ತೆರೆಯಬೇಕು. ತಂತಿಯ ಮೇಲಿನ ಪುಟ್ಟ ಸ್ವಿಚ್ಚು, ಕೀಲಿಮಣೆಯ ಮೈಕ್ ಗುಂಡಿ ಇವುಗಳನ್ನೂ ನೋಡಬೇಕೆಂದು ಹೇಳುವುದು ಬಾಲಿಶವೆನಿಸಬಹುದು; ಆದರೆ ಅರ್ಧ ಗಂಟೆಯ ಹುಡುಕಾಟ ಅಲ್ಲಿಗೇ ಬಂದು ನಿಂತ ಪ್ರಸಂಗಗಳು ಯಾವ ಕಚೇರಿಗೂ ಅಪರಿಚಿತವಲ್ಲ.

ಮಾತು ತುಂಡು ತುಂಡಾಗಿ ಕೇಳುವುದು ಜೋಯಿಡಾದಂಥ ಕಾಡಿನ ನಡುವಿನ ಊರುಗಳಲ್ಲಿ ಹೆಚ್ಚು. ಇದು ಹೆಡ್‌ಫೋನಿನ ದೋಷವೋ ಸಂಪರ್ಕದ ದೋಷವೋ ತಿಳಿಯಲು ಸುಲಭ ಉಪಾಯವಿದೆ. ಅಂತರ್ಜಾಲ ಕಡಿದು, ವಿಂಡೋಸ್‌ನೊಂದಿಗೆ ಬರುವ ಧ್ವನಿಮುದ್ರಣದ ತಂತ್ರಾಂಶದಲ್ಲಿ ಅರ್ಧ ನಿಮಿಷ ತಮ್ಮದೇ ಮಾತನ್ನು ಮುದ್ರಿಸಿ ಅದೇ ಹೆಡ್‌ಫೋನಿನಲ್ಲಿ ಕೇಳಬೇಕು. ಅದು ಸ್ಪಷ್ಟವಾಗಿದ್ದರೆ ಮೈಕ್, ತಂತಿ, ಕಿವಿ ಮೂರೂ ಸರಿ; ತೊಂದರೆ ಹೊರಗಿನ ಸಂಪರ್ಕದಲ್ಲಿದೆ. ಅಂಥ ಕಡೆ ಅಧಿಕಾರಿಯ ಅನುಮತಿ ಪಡೆದು ವಿಡಿಯೊ ನಿಲ್ಲಿಸಿ ದನಿಯನ್ನಷ್ಟೇ ಇಟ್ಟುಕೊಂಡರೆ ಮಾತು ಬಹಳ ಮಟ್ಟಿಗೆ ಸುಧಾರಿಸುತ್ತದೆ.

ಬ್ಲೂಟೂತ್ ಹೆಡ್‌ಫೋನುಗಳು ನೋಡಲು ಚೆಂದ, ವಿಚಾರಣೆಗೆ ಅಷ್ಟಾಗಿ ಭರವಸೆಯವಲ್ಲ. ಅವು ಹಾಡಿಗೆ ಒಂದು ವಿಧಾನವನ್ನೂ ಮೈಕ್ ಬೇಕಾದಾಗ ಇನ್ನೊಂದು ವಿಧಾನವನ್ನೂ ಬಳಸುತ್ತವೆ. ಎರಡನೆಯದಕ್ಕೆ ಬದಲಾದೊಡನೆ ದನಿ ಹಳೆಯ ದೂರವಾಣಿಯಂತೆ ಸಪ್ಪೆಯಾಗುತ್ತದೆ; ಅದು ದೋಷವಲ್ಲ. ವಿಂಡೋಸ್ 10ರಲ್ಲಿ ಒಂದೇ ಸಾಧನ ‘ಸ್ಟೀರಿಯೊ’, ‘ಹ್ಯಾಂಡ್ಸ್-ಫ್ರೀ’ ಎಂಬ ಎರಡು ಹೆಸರುಗಳಲ್ಲಿ ಕಾಣುವುದರಿಂದ ಮಾತುಕತೆಗೆ ‘ಹ್ಯಾಂಡ್ಸ್-ಫ್ರೀ’ಯನ್ನೇ ಆರಿಸಬೇಕು. ಜೇಬಿನಲ್ಲಿರುವ ಮೊಬೈಲು ಅದನ್ನು ತನ್ನ ಕಡೆಗೆ ಸೆಳೆದುಕೊಂಡಿರುವುದೂ ಉಂಟು.

ಹೊಸದಾಗಿ ಕೊಳ್ಳುವವರಿಗೆ ಈ ಭಾಗದ ಧೂಳು ಮತ್ತು ತೇವವನ್ನು ಗಮನಿಸಿದರೆ ತಂತಿಯಿರುವ ಯುಎಸ್‌ಬಿ ಹೆಡ್‌ಸೆಟ್ಟೇ ಸೂಕ್ತ. ಅದರಲ್ಲಿ ದನಿಯ ಚಿಪ್ ಒಳಗೇ ಇರುವುದರಿಂದ ರಂಧ್ರ, ಪಟ್ಟಿ, ಪಂಗಡಗಳ ಗೊಡವೆಯೇ ಇಲ್ಲ. ಸಾವಿರದಿಂದ ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತದೆ. ಹೆಡ್‌ಫೋನಿಗೆ ಶೇಕಡಾ 18ರ ತೆರಿಗೆ ಇದೆ. ವ್ಯವಹಾರದ ಬಳಕೆಗೆಂದು ಸಂಸ್ಥೆಯ ನೋಂದಣಿ ಸಂಖ್ಯೆ ಬರೆಸಿ ಬಿಲ್ಲು ಪಡೆದರೆ ಅದರ ಹೂಡುವಳಿ ತೆರಿಗೆ ಜಮೆ ಪಡೆಯಬಹುದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ. ಯಂತ್ರಗಳ ಸದ್ದಿನ ನಡುವೆ ಕೂರುವವರು ಕಿವಿಯನ್ನು ಪೂರ್ತಿ ಮುಚ್ಚುವಂಥದನ್ನು ಆರಿಸುವುದು ಲೇಸು. ಇಲ್ಲದಿದ್ದರೆ ಹೊರಗಿನ ಸದ್ದಿಗೆ ಪೈಪೋಟಿಯಾಗಿ ದನಿ ಏರಿಸಿ ಕಿವಿಗೆ ಹಾನಿ ಮಾಡಿಕೊಳ್ಳುತ್ತಾರೆ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ.

ಹಿಂದಿನ ದಿನದ ಅರ್ಧ ಗಂಟೆ

ಈ ಪರೀಕ್ಷೆಗಳನ್ನೆಲ್ಲ ವಿಚಾರಣೆಯ ಹಿಂದಿನ ದಿನವೇ, ಅದೇ ಯಂತ್ರ, ಅದೇ ಹೆಡ್‌ಸೆಟ್, ಅದೇ ಕುರ್ಚಿಯಲ್ಲಿ ಮಾಡಬೇಕು. ಸಲಹೆಗಾರರಿಗೋ ಮನೆಯವರಿಗೋ ಒಂದು ವಿಡಿಯೊ ಕರೆ ಮಾಡಿ ಎರಡೂ ಕಡೆಯ ಮಾತನ್ನು ಖಚಿತಪಡಿಸಿಕೊಂಡರೆ ಸಾಕು. ಆ ದಿನ ಚಾರ್ಜ್ ತುಂಬಿದ ಮೊಬೈಲಿನಲ್ಲಿಯೂ ವಿಚಾರಣೆಯ ಕೊಂಡಿಯನ್ನು ಸಿದ್ಧವಾಗಿಟ್ಟುಕೊಂಡಿರಬೇಕು. ವಿದ್ಯುತ್ ಹೋದರೂ, ಹೆಡ್‌ಫೋನ್ ಕೈಕೊಟ್ಟರೂ ಅದು ಆಸರೆ.

ಇಷ್ಟೆಲ್ಲ ಮಾಡಿಯೂ ನಡುವೆ ದನಿ ನಿಂತರೆ ಸುಮ್ಮನೆ ತಲೆಯಾಡಿಸುತ್ತ ಕೂರುವುದು ಅತ್ಯಂತ ಅಪಾಯಕರ. ಕೇಳದ ಪ್ರಶ್ನೆಗೆ ಒಪ್ಪಿಗೆ ಕೊಟ್ಟಂತಾದೀತು. ಕೂಡಲೇ ಪರದೆಯ ಬರಹದ ಪೆಟ್ಟಿಗೆಯಲ್ಲಿ ‘ದನಿ ಕೇಳುತ್ತಿಲ್ಲ’ ಎಂದು ಬರೆದು, ನೋಟಿಸಿನಲ್ಲಿರುವ ಮಿಂಚಂಚೆಗೆ ವೇಳೆ ಸಹಿತ ಒಂದು ಸಾಲು ಕಳುಹಿಸಬೇಕು. ಮಂಡಳಿಯ 2020ರ ಮಾರ್ಗಸೂಚಿಯಂತೆ ವಿಚಾರಣೆಯಲ್ಲಿ ನಡೆದ ಮಾತನ್ನು ಬರಹಕ್ಕಿಳಿಸಿ ಅದರ ಪ್ರತಿಯನ್ನು ಮಿಂಚಂಚೆಯಲ್ಲಿ ಕಳುಹಿಸಲಾಗುತ್ತದೆ. ತಿದ್ದುಪಡಿ ಇದ್ದರೆ ಮಾಡಿ, ಸಹಿ ಹಾಕಿ ಹಿಂದಿರುಗಿಸಲು ಇರುವ ಅವಧಿ ಮೂರು ದಿನ. ಅಷ್ಟರಲ್ಲಿ ಉತ್ತರಿಸದಿದ್ದರೆ ಬರೆದದ್ದನ್ನು ಒಪ್ಪಿದಂತೆ. ದನಿ ಕಡಿದ ಭಾಗದಲ್ಲಿ ಏನು ದಾಖಲಾಗಿದೆ ಎಂಬುದನ್ನು ಸಲಹೆಗಾರರೊಂದಿಗೆ ಕುಳಿತು ಸಾಲು ಸಾಲಾಗಿ ಓದಿ, ಆ ಮೂರು ದಿನದೊಳಗೇ ಉತ್ತರ ಕಳುಹಿಸತಕ್ಕದ್ದು.